ನಗೆಯೊಳಗೆ ಹರಿದ ಕಾಲ: ‘ಮೆಝೋನ್ ಇಕ್ಕೋಕು’ ಕಥನದ ಕೊನೆಯ ತಿರುವು



ಹಾಸ್ಯ ಸಾಹಿತ್ಯಕ್ಕೆ ಮೀಸಲಾದ ಈ ದತ್ತಿ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಜಪಾನಿನ ಒಂದು ಮಾಂಗಾ, ಅಂದರೆ ಚಿತ್ರಕಥೆಗಳ ಒಂದು ದೀರ್ಘ ಸರಣಿ. ನಮ್ಮ ಮಕ್ಕಳು ಇಂದು ಮೊಬೈಲಿನಲ್ಲಿ ಮಾಂಗಾ ಓದುತ್ತಾರೆ, ಅದರ ಪಾತ್ರಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಆದರೆ ಸಾಹಿತ್ಯ ವಿಮರ್ಶೆಯ ವೇದಿಕೆಗೆ ಅದನ್ನು ನಾವು ಕರೆಯುವುದು ಅಪರೂಪ. ಇಂದು ಕರೆಯಬೇಕೆನ್ನಿಸಿತು. ಅದಕ್ಕೆ ಕಾರಣ, ಹಾಸ್ಯದ ಬಗ್ಗೆ ನನ್ನನ್ನು ಬಹುಕಾಲ ಕಾಡಿದ ಒಂದು ಪ್ರಶ್ನೆಗೆ ಸಿಕ್ಕ ಸ್ಪಷ್ಟ ಉತ್ತರ ಅಲ್ಲಿದೆ.

ಪ್ರಶ್ನೆ ಇದು. ವರ್ಷಗಟ್ಟಲೆ ಓದುಗರನ್ನು ನಗಿಸಿಕೊಂಡು ಬಂದ ಒಂದು ಪ್ರೇಮಕಥೆ ಕೊನೆಗೆ ಬರುವಾಗ ಗಂಭೀರವಾಗುತ್ತದೆ. ಜಗಳಗಳು ಸುಳ್ಳುಸುಳ್ಳೇ ಎನಿಸುವುದು ನಿಲ್ಲುತ್ತದೆ, ಕಣ್ಣೀರು ನಿಜವಾಗುತ್ತದೆ. ಕೆಲವು ಕೃತಿಗಳಲ್ಲಿ ಓದುಗರು ಇದನ್ನು ಮೋಸವೆಂದು ದೂರುತ್ತಾರೆ. ಇನ್ನು ಕೆಲವು ಕೃತಿಗಳನ್ನು ಅವರು ಜೀವನಪೂರ್ತಿ ನೆನಪಿಟ್ಟುಕೊಳ್ಳುವುದೇ ಆ ಕೊನೆಗಾಗಿ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ನಗೆ ಮುಗಿದ ಮೇಲೆ ಗಾಂಭೀರ್ಯ ಶುರುವಾಗುತ್ತದೆ ಎಂದುಕೊಂಡರೆ ನಮಗೆ ಉತ್ತರ ಸಿಗುವುದಿಲ್ಲ. ಒಳ್ಳೆಯ ಕೃತಿಯಲ್ಲಿ ಆ ಗಾಂಭೀರ್ಯ ಮೊದಲ ಪುಟದ ನಗೆಯೊಳಗೇ ಇರುತ್ತದೆ, ಕಥೆಯ ಕಾಲ ಹರಿದಂತೆ ಅದು ಮೇಲಕ್ಕೆ ಬರುತ್ತದೆ ಎಂಬುದು ನನ್ನ ವಾದ.

ಕೃತಿ

ರುಮಿಕೊ ತಾಕಾಹಾಶಿ 1957ರಲ್ಲಿ ಜಪಾನಿನ ನೀಗಾತಾದಲ್ಲಿ ಹುಟ್ಟಿದವರು. 1978ರಲ್ಲಿ ‘ಶೋನೆನ್ ಸಂಡೇ’ ಎಂಬ ಹುಡುಗರ ವಾರಪತ್ರಿಕೆಯಲ್ಲಿ ‘ಉರುಸೇ ಯಾತ್ಸುರಾ’ ಎಂಬ ಹಾಸ್ಯ ಸರಣಿಯೊಂದಿಗೆ ಹೆಸರು ಮಾಡಿದರು. ಅದು ಇನ್ನೂ ನಡೆಯುತ್ತಿರುವಾಗಲೇ, 1980ರಲ್ಲಿ, ‘ಬಿಗ್ ಕಾಮಿಕ್ ಸ್ಪಿರಿಟ್ಸ್’ ಎಂಬ ಹೊಸ ಪತ್ರಿಕೆಯ ಮೊದಲ ಸಂಚಿಕೆಯಿಂದ ‘ಮೆಝೋನ್ ಇಕ್ಕೋಕು’ ಆರಂಭಿಸಿದರು. ಈ ಪತ್ರಿಕೆಯ ಓದುಗರು ಹೆಚ್ಚಾಗಿ ತರುಣರು. ಕಥೆಯೂ ಅಂಥವನೊಬ್ಬನದೇ. 1987ರಲ್ಲಿ ಸರಣಿ ಮುಗಿಯಿತು. 161 ಅಧ್ಯಾಯಗಳು, ಮೊದಲ ಮುದ್ರಣದಲ್ಲಿ 15 ಸಂಪುಟಗಳು. 1986ರಿಂದ 1988ರವರೆಗೆ 96 ಕಂತುಗಳ ಆ್ಯನಿಮೇಶನ್ ಧಾರಾವಾಹಿಯಾಗಿಯೂ ಅದು ಬಂತು. ತಾಕಾಹಾಶಿಯವರಿಗೆ 2019ರಲ್ಲಿ ಫ್ರಾನ್ಸಿನ ಆಂಗುಲೇಮ್ ಚಿತ್ರಕಥಾ ಉತ್ಸವದ ಅತ್ಯುನ್ನತ ಗೌರವ ಸಂದಿತು.

ಕಥೆಯ ನೆಲೆ ಟೋಕಿಯೊದ ಹೊರವಲಯದ ಒಂದು ಹಳೆಯ ಮರದ ಬಾಡಿಗೆ ಮನೆ. ಹೆಸರು ಇಕ್ಕೋಕು. ಅದರ ತಾರಸಿಯ ಗಡಿಯಾರ ಕೆಟ್ಟು ನಿಂತಿದೆ. ಐದನೆಯ ಕೋಣೆಯಲ್ಲಿ ಗೊದಾಯ್ ಎಂಬ ಹುಡುಗ. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸಾಗಿ ಮತ್ತೆ ಓದುತ್ತಿದ್ದಾನೆ. ಓದಲು ಬಿಡುವವರು ಯಾರು? ಒಂದನೆಯ ಕೋಣೆಯ ಇಚಿನೊಸೆ ಗೃಹಿಣಿ ಬೀಸಣಿಗೆ ಹಿಡಿದು ಕುಣಿಯುತ್ತಾಳೆ. ನಾಲ್ಕನೆಯ ಕೋಣೆಯ ಯೊತ್ಸುಯಾ ಗೋಡೆ ಕೊರೆದು ಒಳಗೆ ಬರುತ್ತಾನೆ, ಅವನ ಉದ್ಯೋಗವೇನೆಂದು ಕೊನೆಯವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಆರನೆಯ ಕೋಣೆಯ ಅಕೆಮಿ ಬಾರಿನಲ್ಲಿ ಕೆಲಸ ಮಾಡುವವಳು. ಎಲ್ಲರೂ ಸೇರಿ ಕುಡಿಯುವುದು ಗೊದಾಯ್‌ನ ಕೋಣೆಯಲ್ಲೇ. ರೋಸಿಹೋಗಿ ಗಂಟುಮೂಟೆ ಕಟ್ಟಿ ಅವನು ಹೊರಟಿದ್ದಾನೆ. ಅಷ್ಟರಲ್ಲಿ ಮನೆ ನೋಡಿಕೊಳ್ಳಲು ಹೊಸ ವ್ಯವಸ್ಥಾಪಕಿ ಬರುತ್ತಾಳೆ. ಹೆಸರು ಕ್ಯೋಕೋ, ವಯಸ್ಸಿನಲ್ಲಿ ಅವನಿಗಿಂತ ತುಸು ದೊಡ್ಡವಳು. ಜೊತೆಗೊಂದು ದೊಡ್ಡ ಬಿಳಿ ನಾಯಿ. ಗೊದಾಯ್ ಗಂಟು ಬಿಚ್ಚುತ್ತಾನೆ.

ನಾಯಿಯ ಹೆಸರು ಸೋಯಿಚಿರೋ. ಮನುಷ್ಯರಿಗಿಡುವ ಹೆಸರು. ಮೊದಮೊದಲು ಇದು ಬರಿಯ ತಮಾಷೆ. ಕ್ಯೋಕೋ ಆ ಹೆಸರನ್ನು ವಿಶೇಷ ದನಿಯಲ್ಲಿ ಕರೆಯುವುದೇಕೆ ಎಂದು ಗೊದಾಯ್ ತಲೆ ಕೆಡಿಸಿಕೊಳ್ಳುತ್ತಾನೆ, ಓದುಗರು ನಗುತ್ತಾರೆ. ಸ್ವಲ್ಪ ಮುಂದೆ ಹೋದಾಗ ತಿಳಿಯುತ್ತದೆ: ಸೋಯಿಚಿರೋ ಅವಳ ಗಂಡನ ಹೆಸರು. ಅವಳ ಪ್ರೌಢಶಾಲೆಯಲ್ಲಿ ಭೂವಿಜ್ಞಾನ ಹೇಳಿಕೊಡಲು ಬರುತ್ತಿದ್ದ ಅರೆಕಾಲಿಕ ಶಿಕ್ಷಕ. ಮನೆಯವರನ್ನು ಎದುರು ಹಾಕಿಕೊಂಡು ಅವನನ್ನು ಮದುವೆಯಾದಳು, ವರ್ಷ ತುಂಬುವ ಮೊದಲೇ ಅವನು ತೀರಿಕೊಂಡ. ಆ ನಾಯಿ ಅವನ ಹಿಂದೆ ಮನೆಗೆ ಬಂದದ್ದು. ಅವನು ಹೋದ ಮೇಲೆ ಅವನ ಹೆಸರಿಗೇ ಅದು ಓಗೊಡುತ್ತದೆ. ನಾಯಿಯನ್ನು ಕರೆದಾಗಲೆಲ್ಲ ಆ ಹೆಣ್ಣಿನ ಬಾಯಲ್ಲಿ ಸತ್ತ ಗಂಡನ ಹೆಸರು ಬರುತ್ತದೆ. ಮೊದಲ ಸಂಪುಟದ ನಗೆಹನಿಯೊಳಗೆ ಹದಿನೈದನೆಯ ಸಂಪುಟದ ನೋವು ಹೀಗೆ ಕೂತಿದೆ. ಲೇಖಕಿ ಇಡೀ ಸರಣಿಯಲ್ಲಿ ಆ ಗಂಡನ ಮುಖವನ್ನು ಒಮ್ಮೆಯೂ ತೋರಿಸುವುದಿಲ್ಲ. ನೆನಪಿನ ಚಿತ್ರಗಳಲ್ಲಿ ಅವನು ಬೆನ್ನು ತಿರುಗಿಸಿರುತ್ತಾನೆ, ಇಲ್ಲವೇ ಮುಖದ ಮೇಲೆ ನೆರಳಿರುತ್ತದೆ. ಗೊದಾಯ್ ಸೆಣಸಬೇಕಾದ ಎದುರಾಳಿಗೆ ಮುಖವೇ ಇಲ್ಲ.

ತಪ್ಪು ತಿಳುವಳಿಕೆಯ ಬೆಲೆ

ಪ್ರೇಮಹಾಸ್ಯ ನಡೆಯುವುದು ತಪ್ಪು ತಿಳುವಳಿಕೆಯ ಮೇಲೆ. ಇಬ್ಬರೂ ಮನಸ್ಸಿನಲ್ಲಿರುವುದನ್ನು ಹೇಳಿಬಿಟ್ಟರೆ ಕಥೆ ಮುಗಿಯಿತು. ಹೇಳಬಾರದು, ಹೇಳಿದರೂ ಕೇಳಿಸಬಾರದು, ಕೇಳಿಸಿದರೂ ಬೇರೆಯೇ ಅರ್ಥವಾಗಬೇಕು. ಇಕ್ಕೋಕುವಿನಲ್ಲಿ ಇದಕ್ಕೆ ಬೇಕಾದ ಸಲಕರಣೆಗಳೆಲ್ಲ ಇವೆ. ಎಲ್ಲರಿಗೂ ಸೇರಿ ಒಂದೇ ಫೋನು, ಕದ್ದು ಕೇಳುವ ನೆರೆಯವರು, ತೆಳ್ಳಗಿನ ಗೋಡೆಗಳು. ಗೊದಾಯ್‌ಗೆ ಕೊಝುಯೆ ಎಂಬ ಗೆಳತಿ ಇದ್ದಾಳೆ. ಅವಳನ್ನು ಅವನು ಪ್ರೀತಿಸುತ್ತಿಲ್ಲ, ಆದರೆ ಬೇಡವೆನ್ನುವ ಧೈರ್ಯವೂ ಇಲ್ಲ. ಕ್ಯೋಕೋಳ ಹಿಂದೆ ಮಿತಾಕಾ ಎಂಬ ಶ್ರೀಮಂತ ಟೆನಿಸ್ ತರಬೇತುದಾರ ಬಿದ್ದಿದ್ದಾನೆ. ರೂಪವಂತ, ಮಾತುಗಾರ, ನಕ್ಕರೆ ಹಲ್ಲು ಹೊಳೆಯುತ್ತದೆ. ಒಂದೇ ಕೊರತೆ, ನಾಯಿ ಕಂಡರೆ ಮೈ ನಡುಗುತ್ತದೆ. ಅವಳ ಮನೆ ಬಾಗಿಲಲ್ಲಿ ಸೋಯಿಚಿರೋ ಮಲಗಿರುತ್ತಾನೆ.

ಇದೇ ಸಾಮಗ್ರಿಯಿಂದ ‘ಉರುಸೇ ಯಾತ್ಸುರಾ’ದಲ್ಲಿ ತಾಕಾಹಾಶಿ 34 ಸಂಪುಟ ಬರೆದರು. ಅಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ. ವರ್ಷ ಕಳೆದು ವರ್ಷ ಬಂದರೂ ಹುಡುಗರು ಅದೇ ತರಗತಿಯಲ್ಲಿರುತ್ತಾರೆ. ಆದ್ದರಿಂದ ಯಾವ ತಪ್ಪು ತಿಳುವಳಿಕೆಗೂ ಬೆಲೆ ತೆರಬೇಕಾಗಿಲ್ಲ. ಮುಂದಿನ ವಾರ ಎಲ್ಲ ಮೊದಲಿನಂತೆ. ಇಕ್ಕೋಕುವಿನಲ್ಲಿ ಹಾಗಲ್ಲ. ತಾರಸಿಯ ಗಡಿಯಾರ ನಿಂತಿದ್ದರೂ ಮನೆಯೊಳಗೆ ಕಾಲ ಹರಿಯುತ್ತದೆ. ಪತ್ರಿಕೆಯ ಓದುಗರ ಲೋಕದಲ್ಲಿ ಒಂದು ವರ್ಷ ಕಳೆದರೆ ಕಥೆಯೊಳಗೂ ಒಂದು ವರ್ಷ. ಹೊಸ ವರ್ಷ, ಚೆರ್ರಿ ಹೂವು, ಮಳೆಗಾಲ, ಹಿಮ, ಎಲ್ಲ ಸರದಿಯಂತೆ ಬರುತ್ತವೆ. ಪ್ರತಿ ವರ್ಷ ಸೋಯಿಚಿರೋನ ತಿಥಿಯೂ ಬರುತ್ತದೆ. ಗೊದಾಯ್ ಒಂದು ಸಾಧಾರಣ ವಿಶ್ವವಿದ್ಯಾಲಯಕ್ಕೆ ಸೇರುತ್ತಾನೆ, ಮುಗಿಸುತ್ತಾನೆ. ಕಷ್ಟಪಟ್ಟು ಒಂದು ಕೆಲಸ ಸಿಗುತ್ತದೆ, ಕೆಲಸಕ್ಕೆ ಸೇರುವ ಮೊದಲೇ ಆ ಕಂಪನಿ ದಿವಾಳಿಯಾಗುತ್ತದೆ. ಶಿಶುವಿಹಾರದಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿ ಅದೂ ಹೋಗುತ್ತದೆ. ಕೊನೆಗೆ ಒಂದು ಕ್ಯಾಬರೆಯಲ್ಲಿ ದುಡಿಯುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುತ್ತಾ, ಶಿಶುಪಾಲನೆಯ ಅರ್ಹತಾ ಪರೀಕ್ಷೆಗೆ ಓದುತ್ತಾನೆ.

ಕಾಲ ಹರಿಯತೊಡಗಿದ ಕೂಡಲೇ ಹಾಸ್ಯದ ಲೆಕ್ಕವೇ ಬದಲಾಗುತ್ತದೆ. ಇವತ್ತಿನ ತಪ್ಪು ತಿಳುವಳಿಕೆಗೆ ಯಾರೋ ಒಬ್ಬರ ಆಯುಷ್ಯದ ಮೂರು ತಿಂಗಳು ಹೋಗಿರುತ್ತದೆ. ಕೊಝುಯೆಯ ವಿಷಯದಲ್ಲಿ ಇದು ಬಹಳ ಸ್ಪಷ್ಟ. ಗೊದಾಯ್ ಅವಳಿಗೆ ಇಲ್ಲ ಎನ್ನಲಾಗದೆ ಒದ್ದಾಡುವುದನ್ನು ನೋಡಿ ನಾವು ಸಂಪುಟಗಟ್ಟಲೆ ನಕ್ಕಿರುತ್ತೇವೆ. ಕೊನೆಯ ಭಾಗದಲ್ಲಿ ಅವಳು ಬ್ಯಾಂಕಿನ ಸಹೋದ್ಯೋಗಿಯನ್ನು ಮದುವೆಯಾಗಲು ನಿರ್ಧರಿಸಿದಾಗ, ಆ ನಗೆಯ ಅಷ್ಟೂ ವರ್ಷ ಒಬ್ಬ ಹುಡುಗಿ ಪ್ರಾಮಾಣಿಕವಾಗಿ ಕಾದಿದ್ದಳು ಎಂದು ಹೊಳೆಯುತ್ತದೆ. ಲೇಖಕಿ ಇದನ್ನು ಮುಚ್ಚಿಡುವುದಿಲ್ಲ. ಗೊದಾಯ್ ತಾನು ಬೇರೊಬ್ಬಳನ್ನು ಪ್ರೀತಿಸುವುದನ್ನು ಬಾಯಿಬಿಟ್ಟು ಹೇಳಲೇಬೇಕಾಗುತ್ತದೆ. ಹಾಸ್ಯ ಇಷ್ಟು ದಿನ ಅವನಿಗೆ ಕೊಟ್ಟಿದ್ದ ರಿಯಾಯಿತಿ ಅಲ್ಲಿಗೆ ಮುಗಿಯುತ್ತದೆ.

ವಿಪ್ರಲಂಭ ಮತ್ತು ಕರುಣ

ಈ ಕೃತಿಯ ಆಳವನ್ನು ತಿಳಿಯಲು ನಮ್ಮ ಕಾವ್ಯಮೀಮಾಂಸೆಯ ಒಂದು ವಿವೇಕ ನನಗೆ ಬಹಳ ನೆರವಾಯಿತು. ಶೃಂಗಾರದಿಂದ ಹಾಸ್ಯ ಹುಟ್ಟುತ್ತದೆ ಎಂದು ಭರತನ ನಾಟ್ಯಶಾಸ್ತ್ರ ಹೇಳುತ್ತದೆ. ಅದೇ ಗ್ರಂಥ ವಿಪ್ರಲಂಭ ಶೃಂಗಾರಕ್ಕೂ ಕರುಣಕ್ಕೂ ಇರುವ ಗೆರೆಯನ್ನೂ ಎಳೆಯುತ್ತದೆ. ಎರಡರಲ್ಲೂ ಅಗಲಿಕೆ ಇದೆ, ಕಣ್ಣೀರಿದೆ. ಆದರೆ ವಿಪ್ರಲಂಭದಲ್ಲಿ ಮತ್ತೆ ಕೂಡುವ ನಿರೀಕ್ಷೆ ಉಳಿದಿರುತ್ತದೆ, ಕರುಣದಲ್ಲಿ ಆ ನಿರೀಕ್ಷೆ ಇಲ್ಲ.

ಇಕ್ಕೋಕುವಿನ ಒಂದೇ ಅಂಗಳದಲ್ಲಿ ಈ ಎರಡು ಭಾವಗಳು ಎದುರುಬದುರಾಗಿ ವಾಸಿಸುತ್ತವೆ. ಗೊದಾಯ್‌ನದು ವಿಪ್ರಲಂಭ. ಅವಳು ಒಂದು ದಿನ ಒಪ್ಪಿಯಾಳು ಎಂಬ ನಿರೀಕ್ಷೆ ಅವನಿಗಿದೆ, ಆದ್ದರಿಂದಲೇ ಅವನ ಒದ್ದಾಟ ನಗೆ ತರಿಸುತ್ತದೆ. ಕ್ಯೋಕೋಳದು ಕರುಣ. ಸತ್ತವನು ಬರುವುದಿಲ್ಲ. ಹೀಗಿದ್ದೂ ಅವಳ ಸಿಡುಕು, ಹೊಟ್ಟೆಕಿಚ್ಚು, ಹಟಮಾರಿತನವನ್ನು ನಾವು ಶೃಂಗಾರದ ಹಾಸ್ಯವೆಂದೇ ಓದಿಕೊಂಡು ಬಂದಿರುತ್ತೇವೆ. ಗೊದಾಯ್ ಯಾವ ಹುಡುಗಿಯ ಜೊತೆ ಮಾತಾಡಿದರೂ ಅವಳು ಕಸಪೊರಕೆ ಹಿಡಿದು ಅಂಗಳವನ್ನು ಜೋರಾಗಿ ಗುಡಿಸುತ್ತಾಳೆ, ನಾವು ನಗುತ್ತೇವೆ. ಆ ಹೊಟ್ಟೆಕಿಚ್ಚಿನ ಅಡಿಯಲ್ಲಿ ಒಂದು ಭಯವಿದೆ. ಇನ್ನೊಬ್ಬನನ್ನು ಪ್ರೀತಿಸಿದರೆ ಮೊದಲಿನ ಪ್ರೀತಿ ಸುಳ್ಳಾಗುತ್ತದೆಯೇ? ಮತ್ತೆ ಪ್ರೀತಿಸಿದವನೂ ಸತ್ತುಹೋದರೆ?

ಯಾಗಾಮಿ ಎಂಬ ವಿದ್ಯಾರ್ಥಿನಿಯ ಪ್ರಸಂಗ ಈ ಭಯವನ್ನು ಹತ್ತಿರದಿಂದ ತೋರಿಸುತ್ತದೆ. ಗೊದಾಯ್ ಬೋಧನಾ ತರಬೇತಿಗೆ ಹೋಗುವುದು ಕ್ಯೋಕೋ ಓದಿದ ಶಾಲೆಗೇ. ಅಲ್ಲಿ ಯಾಗಾಮಿ ಅವನನ್ನು ಪ್ರೀತಿಸಲು ತೊಡಗಿ, ಇಕ್ಕೋಕುವಿಗೇ ಬಂದು ರಂಪ ಮಾಡುತ್ತಾಳೆ. ಮೇಲ್ನೋಟಕ್ಕೆ ಪೂರಾ ಪ್ರಹಸನ. ಆದರೆ ಶಿಕ್ಷಕನನ್ನು ಪ್ರೀತಿಸಿ, ಊರಿಗೆಲ್ಲ ಎದುರು ನಿಂತ ಹುಡುಗಿಯೊಬ್ಬಳು ಆ ಶಾಲೆಯಲ್ಲಿ ಹಿಂದೆ ಇದ್ದಳಲ್ಲ, ಅವಳು ಕ್ಯೋಕೋಳೇ. ಯಾಗಾಮಿಯನ್ನು ಗದರಿಸಲು ಹೋದಾಗ ಅವಳು ಗದರಿಸುತ್ತಿರುವುದು ತನ್ನ ಹದಿಹರೆಯವನ್ನು. ಈ ಅರಿವು ಅವಳ ಮುಖದಲ್ಲಿ ಒಂದು ಚಿತ್ರಚೌಕದಷ್ಟು ಹೊತ್ತು ಕಾಣಿಸಿ, ಮರುಚೌಕದಲ್ಲಿ ಪ್ರಹಸನ ಮುಂದುವರಿಯುತ್ತದೆ. ತಾಕಾಹಾಶಿಯವರ ಕಲೆ ಇರುವುದು ಈ ಒಂದು ಚೌಕದಲ್ಲಿ.

ಕನ್ನಡ ಓದುಗರಿಗೆ ಇಲ್ಲಿ ಇನ್ನೊಂದು ಸಂಗತಿ ಗಮನಕ್ಕೆ ಬರಬೇಕು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಕಾಲದಿಂದ ಭೈರಪ್ಪನವರ ‘ವಂಶವೃಕ್ಷ’ (1965) ಮುಂತಾಗಿ ನಮ್ಮ ಕಾದಂಬರಿಗಳಲ್ಲಿ ವಿಧವೆಯ ಮರುಮದುವೆ ಎಂದರೆ ಸಂಪ್ರದಾಯದೊಡನೆ ನಡೆಯುವ ಘರ್ಷಣೆ. ಕ್ಯೋಕೋಳಿಗೆ ಅಂಥ ತಡೆಯೇ ಇಲ್ಲ. ಮಾವನೇ ಅವಳನ್ನು ಕೂರಿಸಿಕೊಂಡು, ನೀನಿನ್ನೂ ಚಿಕ್ಕವಳು, ಹೊಸ ಬದುಕು ಕಟ್ಟಿಕೋ ಎನ್ನುತ್ತಾನೆ. ತಾಯಿ ಮದುವೆಯಾಗೆಂದು ಬೆನ್ನು ಹತ್ತಿದ್ದಾಳೆ. ಎಲ್ಲರೂ ಒಪ್ಪಿದ ಮೇಲೂ ಅವಳ ಮನಸ್ಸು ಒಪ್ಪುವುದಿಲ್ಲ. ಹೊರಗಿನ ಬಾಗಿಲುಗಳೆಲ್ಲ ತೆರೆದಿರುವಾಗ ಒಳಗಿನ ಬಾಗಿಲೊಂದು ಮುಚ್ಚಿರುವ ಕಥೆ ಇದು. ಹಾಗಾಗಿಯೇ ಇದರ ಕೊನೆಯ ಗಾಂಭೀರ್ಯ ಯಾವ ಖಳನಾಯಕನಿಂದಲೂ ಬರಬೇಕಾಗಿಲ್ಲ.

ತಿರುವು

ಈಗ ಕೊನೆಯ ಸಂಪುಟಗಳಿಗೆ ಬರೋಣ. ತಿರುವು ಶುರುವಾಗುವುದು ಅಪ್ಪಟ ಪ್ರಹಸನದಿಂದ. ಮಿತಾಕಾನಿಗೆ ಮನೆಯವರು ಅಸುನಾ ಎಂಬ ಹೆಣ್ಣನ್ನು ನೋಡಿರುತ್ತಾರೆ, ಅವಳಿಗೆ ನಾಯಿಗಳೆಂದರೆ ಪ್ರಾಣ. ಒಂದು ರಾತ್ರಿ ಅವನು ಕುಡಿದು ಮೈಮರೆತಿರುತ್ತಾನೆ. ಮುಂದೊಂದು ದಿನ ಅಸುನಾಳ ಕಡೆಯಿಂದ ಬಸಿರಿನ ಸುದ್ದಿ ಬರುತ್ತದೆ. ತನ್ನಿಂದ ತಪ್ಪಾಗಿದೆಯೆಂದು ನಂಬಿದ ಮಿತಾಕಾ ಕ್ಯೋಕೋಳ ಆಸೆ ಬಿಟ್ಟು ಅಸುನಾಳಿಗೆ ಮದುವೆಯ ಮಾತು ಕೊಡುತ್ತಾನೆ. ಬಸಿರಾದದ್ದು ಅವಳ ನಾಯಿ. ಇಡೀ ಸರಣಿಯ ಅತ್ಯಂತ ಹಾಸ್ಯಾಸ್ಪದ ಗೊಂದಲ ಇದು. ಆದರೆ ಅದರ ಪರಿಣಾಮ ಅಳಿಸಿಹೋಗುವುದಿಲ್ಲ. ಅವನು ಕೊಟ್ಟ ಮಾತಿಗೆ ನಿಲ್ಲುತ್ತಾನೆ. ನಾಯಿಗೆ ಹೆದರುತ್ತಿದ್ದವನ ಬದುಕನ್ನು ನಾಯಿಯೊಂದು ತಿರುಗಿಸಿತು. ಹಾಸ್ಯ ತನ್ನದೇ ಕೈಯಿಂದ ತನ್ನ ಪ್ರೇಮತ್ರಿಕೋನವನ್ನು ಕಳಚಿತು.

ಎರಡನೆಯ ಗೊಂದಲ ಕಹಿಯಾದದ್ದು. ಜೋಡಿಗಳು ತಂಗುವ ಹೋಟೆಲಿನ ಬಿಲ್ಲು ಕಟ್ಟಲು ದುಡ್ಡಿಲ್ಲದೆ ಅಕೆಮಿ ಗೊದಾಯ್‌ಗೆ ಫೋನು ಮಾಡಿ ಕರೆಸುತ್ತಾಳೆ. ಇಬ್ಬರೂ ಅಲ್ಲಿಂದ ಹೊರಬರುವುದು ಕೊಝುಯೆಯ ಕಣ್ಣಿಗೆ ಬೀಳುತ್ತದೆ. ಸುದ್ದಿ ಕ್ಯೋಕೋಳಿಗೆ ಮುಟ್ಟುತ್ತದೆ. ಮೊದಲ ಸಂಪುಟಗಳಲ್ಲಾಗಿದ್ದರೆ ನಾಲ್ಕು ಪುಟಗಳಲ್ಲಿ ಬಗೆಹರಿಯುತ್ತಿದ್ದ ವಿಷಯ. ಈ ಸಲ ಕ್ಯೋಕೋ ಅವನ ಕೆನ್ನೆಗೆ ಹೊಡೆದು ಮನೆ ಬಿಟ್ಟೇ ಹೋಗುತ್ತಾಳೆ. ವ್ಯವಸ್ಥಾಪಕಿ ಇಲ್ಲದ ಇಕ್ಕೋಕುವನ್ನು ನಾವು ಮೊದಲ ಬಾರಿ ಹೀಗೆ ನೋಡುತ್ತೇವೆ. ಅದೇ ಕುಡುಕ ನೆರೆಯವರು, ಅದೇ ಕೋಣೆಗಳು. ಗದ್ದಲದಲ್ಲಿ ಮಾತ್ರ ಸತ್ವವಿಲ್ಲ.

ಆಗ ಸತ್ಯ ನುಡಿಯುವವಳು ಅಕೆಮಿ. ಅರೆಬಟ್ಟೆಯಲ್ಲಿ ಓಡಾಡುತ್ತ, ಸಿಗರೇಟು ಸೇದುತ್ತ, ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳದವಳೆಂದು ನಾವು ನಂಬಿದ್ದ ಹೆಣ್ಣು. ನೀನು ಕೈಯನ್ನೂ ಸರಿಯಾಗಿ ಹಿಡಿಯಗೊಡದ ಗಂಡಸಿನ ಮೇಲೆ ಇಷ್ಟು ಹಕ್ಕು ಚಲಾಯಿಸಿ ಅಳುವುದು ಯಾವ ನ್ಯಾಯ ಎಂಬರ್ಥದಲ್ಲಿ ಅವಳು ಕ್ಯೋಕೋಳ ಮುಖದೆದುರೇ ಕೇಳುತ್ತಾಳೆ. ಕ್ಯೋಕೋ ಬಾಯಿ ಕಟ್ಟಿ ನಿಲ್ಲುತ್ತಾಳೆ. ಆರು ವರ್ಷ ನಾವು ಮುದ್ದೆಂದು ನಕ್ಕ ಹೊಟ್ಟೆಕಿಚ್ಚಿಗೆ ಇದು ಕೃತಿಯೇ ಮಾಡಿದ ವಿಮರ್ಶೆ. ಅದು ಬಂದದ್ದು ವಿದೂಷಕ ಪಾತ್ರದ ಬಾಯಿಂದ. ಅಕೆಮಿಯ ಮಾತಿಗೆ ಆ ತೂಕ ಬಂದದ್ದು ಅವಳು ಅಷ್ಟು ದೀರ್ಘಕಾಲ ಹಗುರಾಗಿ ಇದ್ದುದರಿಂದಲೇ.

ಇಲ್ಲಿಂದ ಮುಂದೆ ಲೇಖಕಿ ಅವಸರಪಡುವುದಿಲ್ಲ. ಇಬ್ಬರೂ ಕೂಡುವ ಮೊದಲ ಪ್ರಯತ್ನದಲ್ಲಿ ಸತ್ತ ಗಂಡನ ನೆನಪು ಗೊದಾಯ್‌ನನ್ನೇ ತಡೆಯುತ್ತದೆ. ಎಷ್ಟೋ ಪ್ರೇಮಹಾಸ್ಯಗಳು ಕಣ್ಣೆತ್ತಿಯೂ ನೋಡದ ಸಂಕೋಚವನ್ನು ಈ ಕೃತಿ ಮರ್ಯಾದೆಯಿಂದ ನೋಡುತ್ತದೆ. ಆಮೇಲೆ ಪರೀಕ್ಷೆ ಪಾಸಾಗುತ್ತದೆ, ಕೆಲಸ ಸಿಗುತ್ತದೆ. ಗೊದಾಯ್ ಮದುವೆಯ ಮಾತೆತ್ತುವ ದೃಶ್ಯವನ್ನು ಗಮನಿಸಿ. ಕುಡಿದು ನಿದ್ದೆ ಹೋದ ಕ್ಯೋಕೋಳ ತಂದೆಯನ್ನು ಅವನು ಬೆನ್ನ ಮೇಲೆ ಹೊತ್ತು ನಡೆಯುತ್ತಿದ್ದಾನೆ. ಆ ಭಾರದ ಸಮೇತ ಅವನು ಕೇಳುತ್ತಾನೆ. ಕ್ಯೋಕೋ ಒಂದೇ ವಚನ ಬೇಡುತ್ತಾಳೆ: ನನಗಿಂತ ಒಂದೇ ಒಂದು ದಿನವಾದರೂ ಹೆಚ್ಚು ಬದುಕಬೇಕು, ಇನ್ನೊಮ್ಮೆ ಒಂಟಿಯಾಗಿ ಉಳಿಯಲು ನನ್ನಿಂದಾಗದು ಎಂಬುದು ಅದರ ಸಾರ. ಚಿತ್ರ ನಗೆಯದು, ಬೆನ್ನ ಮೇಲೆ ಮುದುಕ ಗೊರಕೆ ಹೊಡೆಯುತ್ತಿದ್ದಾನೆ. ಮಾತು ಆ ಹೆಣ್ಣಿನ ಎದೆಯ ತಳದಿಂದ ಬಂದದ್ದು. ಎರಡನ್ನೂ ಒಂದೇ ಪುಟದಲ್ಲಿ ಇಟ್ಟಾಗ ಯಾವುದೂ ಇನ್ನೊಂದನ್ನು ಕೆಡಿಸುವುದಿಲ್ಲ.

ಇನ್ನೊಂದು ದೃಶ್ಯ ಸಮಾಧಿಯದು. ಮದುವೆಗೆ ಮುಂಚೆ ಗೊದಾಯ್ ಸೋಯಿಚಿರೋನ ಸಮಾಧಿಗೆ ಹೋಗಿ ಅವನೊಡನೆ ಮಾತಾಡುತ್ತಾನೆ. ನಾನು ಕಂಡ ದಿನದಿಂದಲೂ ಅವಳೊಳಗೆ ನೀವಿದ್ದೀರಿ, ನಿಮ್ಮನ್ನೂ ಸೇರಿಸಿಯೇ ಅವಳನ್ನು ಸ್ವೀಕರಿಸುತ್ತೇನೆ ಎಂಬ ಭಾವದ ಮಾತುಗಳು. ಅವನ ಹಿಂದೆ ಮರೆಯಲ್ಲಿ ನಿಂತು ಕ್ಯೋಕೋ ಕೇಳಿಸಿಕೊಳ್ಳುತ್ತಾಳೆ. ಈ ಸರಣಿಯಲ್ಲಿ ಕದ್ದು ಕೇಳಿಸಿಕೊಳ್ಳುವುದು ಎಷ್ಟು ಸಲ ನಡೆದಿದೆ! ಪ್ರತಿ ಸಲವೂ ಅರ್ಧ ಮಾತು ಕೇಳಿ, ತಪ್ಪು ತಿಳಿದು, ಜಗಳವಾಗಿದೆ. ಈ ಒಂದು ಸಲ ಅವಳಿಗೆ ಪೂರ್ತಿ ಕೇಳಿಸುತ್ತದೆ, ಸರಿಯಾಗಿ ಅರ್ಥವಾಗುತ್ತದೆ. ಹಾಸ್ಯದ ಹಳೆಯ ತಂತ್ರವನ್ನೇ ಲೇಖಕಿ ಇಲ್ಲಿ ಕರುಣೆಗೆ ಬಳಸಿದರು. ಕರುಣ ಮತ್ತು ಶೃಂಗಾರಗಳ ನಡುವಿನ ಗೆರೆಯನ್ನು ದಾಟಲು ಕ್ಯೋಕೋ ಸತ್ತವನನ್ನು ಮರೆಯಬೇಕಾಗಿ ಬರಲಿಲ್ಲ.

ಹೊರಗಿನಿಂದ ಬರುವ ಗಾಂಭೀರ್ಯ

ಎಲ್ಲ ಪ್ರೇಮಹಾಸ್ಯಗಳೂ ಹೀಗೇ ಮುಗಿಯಬೇಕಿಲ್ಲ. ಇದೇ ಲೇಖಕಿ ‘ಉರುಸೇ ಯಾತ್ಸುರಾ’ವನ್ನು ಮುಗಿಸಿದ್ದೂ 1987ರಲ್ಲೇ. ಅಲ್ಲಿ ನಾಯಕಿ ಲಮ್ ನಾಯಕನ ಬಾಯಿಂದ ಪ್ರೀತಿಯ ಒಂದು ಮಾತು ಕೇಳಲು ಹಟ ಹಿಡಿಯುತ್ತಾಳೆ, ಭೂಮಿಯೇ ಆಪತ್ತಿಗೆ ಸಿಲುಕುತ್ತದೆ, ಅವನು ಮಾತ್ರ ಆ ಮಾತಾಡುವುದಿಲ್ಲ. ಕಾಲ ಚಲಿಸದ ಲೋಕದಲ್ಲಿ ಮಾತು ಬಾಕಿ ಉಳಿದರೂ ನಡೆದೀತು, ಅವರ ಆಟ ಮುಂದುವರಿಯಬಹುದು. ಆ ಕೃತಿಗೆ ಅದೇ ನ್ಯಾಯವಾದ ಕೊನೆ. ವಯಸ್ಸಾಗುತ್ತಿರುವ ಕ್ಯೋಕೋ, ಗೊದಾಯ್‌ರಿಗೆ ಅದು ಅನ್ಯಾಯವಾಗುತ್ತಿತ್ತು.

ಹತ್ತಿರದ ಕಾಲದ ಉದಾಹರಣೆ ಬೇಕಾದರೆ ಆಕಾ ಅಕಾಸಾಕಾ ಅವರ ‘ಕಾಗುಯಾ-ಸಾಮಾ’ ಇದೆ. 2015ರಿಂದ 2022ರವರೆಗೆ ನಡೆದು 28 ಸಂಪುಟಗಳಾದ ಸರಣಿ. ಇಬ್ಬರು ಬುದ್ಧಿವಂತ ವಿದ್ಯಾರ್ಥಿಗಳು, ಮೊದಲು ಪ್ರೀತಿ ಒಪ್ಪಿಕೊಂಡವರು ಸೋತಂತೆ ಎಂದು ಪರಸ್ಪರ ಹೂಡುವ ತಂತ್ರಗಳೇ ಅದರ ಹಾಸ್ಯ. ಒಬ್ಬರ ಮುಂದೆ ಇನ್ನೊಬ್ಬರು ಬಯಲಾಗುವ ಭಯ ಆ ನಗೆಯೊಳಗೇ ಇತ್ತು. ಅವರು ಪ್ರೀತಿ ತೋಡಿಕೊಳ್ಳುವ ನಡುವಿನ ಭಾಗ ಆ ಭಯದಿಂದಲೇ ಬೆಳೆದದ್ದರಿಂದ ಬಹಳ ಚೆನ್ನಾಗಿದೆ. ಕೊನೆಯ ದೊಡ್ಡ ಭಾಗದಲ್ಲಾದರೋ ನಾಯಕಿಯ ಶ್ರೀಮಂತ ಮನೆತನದ ಅಧಿಕಾರದ ಕಚ್ಚಾಟ ಮುಂದೆ ಬರುತ್ತದೆ. ಗೆಳೆಯರು ಸೇರಿ ಅವಳನ್ನು ಬಿಡಿಸಿಕೊಳ್ಳಬೇಕಾಗುತ್ತದೆ. ಘಟನೆಗಳು ದೊಡ್ಡವಾದವು, ಆದರೆ ಆ ಇಬ್ಬರ ನಡುವೆ ಬಗೆಹರಿಯದೆ ಉಳಿದದ್ದು ಹೆಚ್ಚೇನೂ ಇರಲಿಲ್ಲ. ಅದು ಹೊರಗಿನಿಂದ ತಂದು ಸೇರಿಸಿದ ಗಾಂಭೀರ್ಯದಂತೆ ನನಗೆ ಕಾಣುತ್ತದೆ. ಲೇಖಕರ ಪ್ರತಿಭೆಯ ಬಗ್ಗೆ ನನಗೆ ಗೌರವವಿದೆ. ಕೊರತೆ ಇರುವುದು ಗಾಂಭೀರ್ಯದ ಮೂಲದಲ್ಲಿ.

ಇಕ್ಕೋಕುವಿನಲ್ಲಿ ಹೊರಗಿನಿಂದ ಏನೂ ಬರಲಿಲ್ಲ. ನಾಯಿಯ ಹೆಸರು, ಮಿತಾಕಾನ ಅಂಜಿಕೆ, ಕದ್ದು ಕೇಳುವ ಚಾಳಿ, ಅಕೆಮಿಯ ಲಂಗುಲಗಾಮಿಲ್ಲದ ಬಾಯಿ, ಎಲ್ಲವೂ ಮೊದಲ ಸಂಪುಟಗಳಿಂದ ನಮ್ಮನ್ನು ನಗಿಸಿದವೇ. ಕೊನೆಯಲ್ಲಿ ಅವುಗಳಲ್ಲಿ ಒಂದನ್ನೂ ಲೇಖಕಿ ಎಸೆಯಲಿಲ್ಲ, ಒಂದೊಂದಕ್ಕೂ ಅದರ ಪೂರ್ತಿ ಅರ್ಥ ಕೊಟ್ಟರು. ಮದುವೆಯಾದ ಮೇಲೂ ದಂಪತಿ ಬೇರೆ ಮನೆ ಮಾಡುವುದಿಲ್ಲ. ಹೆಣ್ಣು ಮಗು ಹರುಕಾಳನ್ನು ಎತ್ತಿಕೊಂಡು ಅದೇ ಗದ್ದಲದ ಮನೆಗೆ ಬರುತ್ತಾರೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕಥೆ ಬರೆಯುವವರಿದ್ದೀರಿ, ಚಿತ್ರ ಬರೆಯುವವರೂ ಇದ್ದೀರಿ. ಹಾಸ್ಯ ಬರೆಯುವಾಗ ನಿಮ್ಮ ಪಾತ್ರಗಳಿಗೆ ವಯಸ್ಸಾಗಲು ಬಿಡಬೇಕೋ ಬೇಡವೋ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಿ. ಬಿಡುವುದಾದರೆ, ನೀವು ಬರೆದ ಪ್ರತಿಯೊಂದು ತಮಾಷೆಗೂ ಒಂದು ದಿನ ಉತ್ತರ ಹೇಳಬೇಕಾಗುತ್ತದೆ ಎಂದು ತಿಳಿದು ಬರೆಯಿರಿ. ಆ ಹೊಣೆ ಹೊತ್ತವರ ನಗೆ ಹೆಚ್ಚು ಕಾಲ ಬಾಳುತ್ತದೆ. ಕನ್ನಡ ವಿಭಾಗಗಳು ಇಂಥ ಚಿತ್ರಕಥೆಗಳನ್ನು ಕಾದಂಬರಿಗಳಷ್ಟೇ ಶ್ರದ್ಧೆಯಿಂದ ಪಾಠದಲ್ಲಿ ಓದಿಸಬೇಕು. ಈಗ ನಮ್ಮಲ್ಲಿ ಅನೇಕರು ಇಂಗ್ಲಿಷ್ ಅನುವಾದದಲ್ಲಿ ಓದುತ್ತಿರುವ ಕ್ಯೋಕೋಳ ಕಥೆಯನ್ನು ಜಪಾನಿ ಬಲ್ಲ ಕನ್ನಡಿಗರು ನೇರವಾಗಿ ಕನ್ನಡಕ್ಕೆ ತರಲಿ. ಶೃಂಗಾರ, ಹಾಸ್ಯ, ಕರುಣಗಳ ಬಗ್ಗೆ ಇಷ್ಟೊಂದು ಯೋಚಿಸಿರುವ ಭಾಷೆಯಲ್ಲಿ ಅದಕ್ಕೆ ಒಳ್ಳೆಯ ಓದುಗರು ಸಿಗುತ್ತಾರೆಂಬ ಭರವಸೆ ನನಗಿದೆ.